ಮಾರುತ್ ಮಾರ್ಕ್ 1ಆರ್: ಉತ್ಪಾದನೆಗೆ ಬಾರದ ಯುದ್ಧವಿಮಾನದ ಬಗ್ಗೆ ಒಂದು ಟಿಪ್ಪಣಿ

ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಗೂ ಹಳೆ ಏರ್‌ಪೋರ್ಟ್ ರಸ್ತೆಗೂ ನಡುವಿನ ದಾರಿಗೆ ಸುರಂಜನ್ ದಾಸ್ ಅವರ ಹೆಸರಿದೆ. ಅಲ್ಲಿನ ಟ್ರಾಫಿಕ್ಕನ್ನು ದಿನವೂ ಬೈದುಕೊಳ್ಳುವವರಲ್ಲಿ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತಿದೆಯೋ! 1961ರ ಜೂನ್ 17ರಂದು ಎಚ್‌ಎಎಲ್‌ನ ಎಚ್‌ಎಫ್-24 ಮಾರುತ್ ಜೆಟ್ಟನ್ನು ಮೊದಲ ಬಾರಿಗೆ ಹಾರಿಸಿದ ಪೈಲಟ್ ಅವರು. ಅದೇ ವಿಮಾನದ ಸುಧಾರಿತ ಮಾದರಿಯಾದ ಮಾರ್ಕ್ 1ಆರ್, 1970ರ ಜನವರಿ 10ರಂದು ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಬಿದ್ದು, ದಾಸ್ ತೀರಿಕೊಂಡರು. ಆ ಮಾದರಿ ಉತ್ಪಾದನೆಗೆ ಬರಲೇ ಇಲ್ಲ.

ಅಪಘಾತದಿಂದಾಗಿಯೇ ಹೀಗಾಯಿತೆಂದುಕೊಳ್ಳುವುದು ಸುಲಭ. ನೂಕುಬಲದ ಲೆಕ್ಕ ಅದನ್ನು ಒಪ್ಪುವುದಿಲ್ಲ.

ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ರೂಪಿಸಿದ ಈ ವಿಮಾನದ ಒಡಲು ಶಬ್ದದ ವೇಗದ ಎರಡರಷ್ಟನ್ನು ಗುರಿಯಾಗಿಟ್ಟುಕೊಂಡದ್ದು. ಅದಕ್ಕೆ ಗೊತ್ತುಮಾಡಿದ್ದು ಬ್ರಿಟನ್ನಿನ ಎರಡು ಆರ್ಫಿಯಸ್ 12 ಎಂಜಿನ್. ನಿಷ್ಕಾಸದ ಕೊಳವೆಯಲ್ಲಿ ಮತ್ತೆ ಇಂಧನ ಉರಿಸುವ ಆಫ್ಟರ್‌ಬರ್ನರ್ ಬಳಸಿದಾಗ ಒಂದೊಂದರಿಂದ 8,170 ಪೌಂಡ್ ನೂಕುಬಲ. ಬ್ರಿಟಿಷರು ಆ ಎಂಜಿನ್ನನ್ನು ಅರ್ಧಕ್ಕೇ ಬಿಟ್ಟರು. ಮುಂದುವರಿಸಲು ಹಣ ಕೊಡಲು ದೆಹಲಿ ಒಪ್ಪಲಿಲ್ಲ. ಉಳಿದದ್ದು ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ 703, ತಲಾ 4,850 ಪೌಂಡ್. ಅದರೊಂದಿಗೆ ಮಾರುತ್ ಶಬ್ದದ ವೇಗದ ಆಸುಪಾಸಿನಲ್ಲೇ ನಿಂತಿತು.

ಪರ್ಯಾಯ ಎಂಜಿನ್ನಿಗಾಗಿ ಈಜಿಪ್ಟಿನ ಕಡೆಗೂ ಕೈಚಾಚಿದ್ದುಂಟು. ಅಲ್ಲಿ ಮೆಸರ್‌ಶ್ಮಿಟ್ ರೂಪಿಸಿದ ಎಚ್‌ಎ-300 ಯುದ್ಧವಿಮಾನವನ್ನು 1964ರ ಮಾರ್ಚ್ 7ರಂದು ಮೊದಲು ಹಾರಿಸಿದವರು ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ. ಅದರ ಇ-300 ಎಂಜಿನ್ನನ್ನು ಒಂದು ಮಾರುತ್‌ನ ಒಂದು ಬದಿಗೆ ಕೂಡಿಸಿ, ಇನ್ನೊಂದು ಬದಿಗೆ ಆರ್ಫಿಯಸ್ಸನ್ನೇ ಉಳಿಸಿಕೊಂಡು 1967ರಲ್ಲಿ ಈಜಿಪ್ಟಿನಲ್ಲಿ ಹಾರಿಸಿ ನೋಡಿದರು. 1969ರಲ್ಲಿ ಈಜಿಪ್ಟ್ ಆ ಯೋಜನೆಯನ್ನೇ ಕೈಬಿಟ್ಟಿತು.

ಕೊನೆಗೆ ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ತಾನೇ ಆಫ್ಟರ್‌ಬರ್ನರ್ ಮಾಡಿ 703ಕ್ಕೆ ಜೋಡಿಸಿತು. ಮಾರ್ಕ್ 1ಆರ್‌ನಲ್ಲಿದ್ದದ್ದು ಇದೇ ಎಂಜಿನ್. ಈ ಏರ್ಪಾಟಿನಿಂದ ನೂಕುಬಲ 5,720 ಪೌಂಡಿಗೆ ಏರಿತು, ಅಂದರೆ ಶೇ. 18ರಷ್ಟು. ಮೂಲ ವಿನ್ಯಾಸ ಬೇಡಿದ್ದು 703ಕ್ಕಿಂತ ಶೇ. 68ರಷ್ಟು ಹೆಚ್ಚು. ಎರಡೂ ಎಂಜಿನ್ ಸೇರಿಸಿದರೆ 16,340 ಪೌಂಡ್ ಬೇಕಿದ್ದ ಕಡೆ ಸಿಕ್ಕಿದ್ದು 11,440.

ಇನ್ನೊಂದು ತೊಡಕು ಬಾಲದಲ್ಲಿತ್ತು. ಎಚ್‌ಎಎಲ್ ವಸ್ತುಸಂಗ್ರಹಾಲಯದ ಬಯಲಲ್ಲಿ ನಿಂತಿರುವ ಮಾರುತ್ ಅನ್ನು ಹಿಂದಿನಿಂದ ನೋಡಿದರೆ ಸಾಕು: ಎರಡು ದುಂಡನೆಯ ಕೊಳವೆಗಳು ಅಂಟಿಕೊಂಡಂತೆ ಪಕ್ಕಪಕ್ಕದಲ್ಲಿವೆ, ಸುತ್ತಲಿನ ಕವಚ ಅವುಗಳಿಗೆ ಬಿಗಿಯಾಗಿದೆ. ದಪ್ಪನೆಯ ಆಫ್ಟರ್‌ಬರ್ನರ್ ಕೊಳವೆ ಹಿಡಿಸಬೇಕಾದರೆ ಈ ಭಾಗವನ್ನು ಹಿಗ್ಗಿಸಲೇಬೇಕು. ಹಿಗ್ಗಿಸಿದರೆ ಹಿಂಬದಿಯ ಗಾಳಿಯ ಎಳೆತ ಹೆಚ್ಚುತ್ತದೆ. ಗಳಿಸಿದ ಬಲದಲ್ಲಿ ಒಂದು ಪಾಲು ಅಲ್ಲೇ ಕರಗುತ್ತದೆ.

ಹಾಗಾಗಿ ದಾಸ್ ಅವರ ಸಾವು ದೊಡ್ಡ ನಷ್ಟವಾದರೂ ಮಾರ್ಕ್ 1ಆರ್ ನಿಂತುಹೋಗಲು ಅದೊಂದೇ ಕಾರಣವಲ್ಲ, ಮುಖ್ಯ ಕಾರಣವೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಆ ದಿನ ವಿಮಾನ ಸುರಕ್ಷಿತವಾಗಿ ಇಳಿದಿದ್ದರೂ ಕೊರತೆ ಕೊರತೆಯಾಗಿಯೇ ಉಳಿಯುತ್ತಿತ್ತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾದಿದ ಮಾರುತ್‌ಗಳೂ ಆಫ್ಟರ್‌ಬರ್ನರ್ ಇಲ್ಲದ 703 ಎಂಜಿನ್ನಿನವೇ.