ಮೋಟಾರಿನ ದಾಹ

ವೈಶಾಖದ ಒಂದು ಮಧ್ಯಾಹ್ನ ತಾವು ಹಳೆಯ ಅಂಬಾಸಿಡರ್ ಕಾರಿನಲ್ಲಿ ಚಿಂಚೋಳಿಯಿಂದ ಕುಂಚಾವರಂ ಕಡೆಗೆ ಹೊರಟಿದ್ದೀರಿ ಎಂದುಕೊಳ್ಳಿ. ಬಯಲು ಮುಗಿದು ಕಾಡಿನ ಗುಡ್ಡಗಳು ತೊಡಗಿವೆ. ಏರಿನಲ್ಲಿ ಉಷ್ಣಮಾಪಕದ ಮುಳ್ಳು ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತದೆ; ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತದೆ; ಗಾಡಿ ನಿಲ್ಲುತ್ತದೆ. ಹತ್ತಿರದ ತಾಂಡೆಯಿಂದ ಒಬ್ಬ ತಾಯಿ ಒಂದು ಕೊಡ ನೀರು ತಂದುಕೊಡುತ್ತಾಳೆ. "ಗಾಡಿ ಕಾದದ್ರಿ, ತಣ್ಣಗಾದ ಮ್ಯಾಲ ನೀರ್ ಹಾಕ್ರಿ, ಹೋಗ್ತದ" ಎಂದು ದಾರಿಹೋಕರೊಬ್ಬರು ಧೈರ್ಯ ಹೇಳುತ್ತಾರೆ. ನೀರು ಹಾಕುತ್ತೀರಿ, ಗಾಡಿ ಹೋಗುತ್ತದೆ. ಮರುವಾರ ಅದೇ ಏರಿನಲ್ಲಿ ಮತ್ತೆ ಅದೇ ಕಥೆ.

ಬೇಸಗೆಯಲ್ಲಿ ಈ ಸೀಮೆಯ ಒಂದು ಕೊಡ ನೀರಿನ ಬೆಲೆ ಅದನ್ನು ಹೊತ್ತವರಿಗೇ ಗೊತ್ತು. ಅಂಥ ನೀರನ್ನು ಕುಡಿದೂ ದಾಹ ತೀರದ ಈ ಯಂತ್ರಕ್ಕೆ ಆಗಿರುವುದಾದರೂ ಏನು? 'ವಯಸ್ಸಾಯಿತು' ಎಂದು ಅದನ್ನು ಗುಜರಿಯವನಿಗೆ ಒಪ್ಪಿಸುವ ಮೊದಲು, ಮೋಟಾರು ನೀರು ಕುಡಿಯಲು ಕಲಿತ ಚರಿತ್ರೆಯನ್ನೂ, ಕುಡಿಯುವುದನ್ನು ಬಿಟ್ಟ ಚರಿತ್ರೆಯನ್ನೂ ಸ್ವಲ್ಪ ನೋಡೋಣ. ರೋಗದ ಗುರುತು ಆ ಚರಿತ್ರೆಯಲ್ಲಿಯೇ ಇದೆ.

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟ್ ಬೇಡಿದುದು 1886ರ ಜನವರಿ 29ರಂದು. ಆ ಬಂಡಿಯಲ್ಲಿ ಎಂಜಿನ್ನನ್ನು ತಣಿಸುವ ಕ್ರಮ ನಮ್ಮ ಒಲೆಯ ಮೇಲಿನ ಪಾತ್ರೆಯದೇ ಕ್ರಮ. ನೀರು ಕುದಿದು ಹಬೆಯಾಗಿ ಹೋಗುತ್ತಿತ್ತು, ತನ್ನೊಡನೆ ಕಾವನ್ನೂ ಒಯ್ಯುತ್ತಿತ್ತು. 1888ರ ಆಗಸ್ಟ್ ತಿಂಗಳಲ್ಲಿ ಅವನ ಹೆಂಡತಿ ಬೆರ್ತಾ ಇಬ್ಬರು ಗಂಡುಮಕ್ಕಳನ್ನು ಕೂಡಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಸುಮಾರು 106 ಕಿಲೋಮೀಟರು, ಆ ಬಂಡಿಯಲ್ಲಿ ಪಯಣ ಮಾಡಿದಳು. ದಾರಿಯುದ್ದಕ್ಕೂ ಸಿಕ್ಕ ಸಿಕ್ಕಲ್ಲಿ ನೀರು ತುಂಬಿಸಬೇಕಾಯಿತು. ಅದು ದೋಷವಲ್ಲ, ಆ ಯಂತ್ರದ ಸ್ವಭಾವವೇ ಅದು.

ಈ ಸ್ವಭಾವವನ್ನು ಬದಲಿಸಿದ ದೊಡ್ಡ ಹೆಜ್ಜೆ ವಿಲ್ಹೆಲ್ಮ್ ಮೇಬಾಕನದು. 1901ರ ಮರ್ಸಿಡಿಸ್ ಕಾರಿಗೆ ಅವನು ಜೇನುಹುಟ್ಟಿನಂಥ ರೇಡಿಯೇಟರನ್ನು ಕೂಡಿಸಿದ. ಅದರಲ್ಲಿ 8,070 ಸಣ್ಣ ನಳಿಗೆಗಳಿದ್ದವು. ಗಾಳಿ ಆ ನಳಿಗೆಗಳೊಳಗೆ ಹಾಯುತ್ತಿತ್ತು. ಅವುಗಳ ಸುತ್ತ ನೀರು ಹರಿದು ತಣಿದು ಮತ್ತೆ ಎಂಜಿನ್ನಿಗೆ ಮರಳುತ್ತಿತ್ತು. ಸುಮಾರು ಒಂಬತ್ತು ಲೀಟರು ನೀರು ಸಾಕಾಯಿತು. ಮುಂದೆ, 1908ರಿಂದ 1927ರ ವರೆಗೆ ತಯಾರಾದ ಫೋರ್ಡ್ 'ಟಿ' ಕಾರುಗಳಲ್ಲಿ ಮೊದಲ ಕೆಲವನ್ನು ಬಿಟ್ಟರೆ ನೀರಿನ ಪಂಪು ಸಹ ಇರಲಿಲ್ಲ. ಬಿಸಿನೀರು ಹಗುರಾಗಿ ತಾನೇ ಮೇಲೇರುತ್ತಿತ್ತು, ತಣ್ಣೀರು ಕೆಳಗಿಳಿಯುತ್ತಿತ್ತು. ಆಮೇಲಿನ ಕಾರುಗಳಿಗೆ ಪಂಪು, ಥರ್ಮೋಸ್ಟಾಟ್, ಒತ್ತಡ ತಡೆಯುವ ಮುಚ್ಚಳ ಇವೆಲ್ಲ ಬಂದವು. 1957ರಿಂದ 2014ರ ವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ ಈ ಮನೆತನಕ್ಕೆ ಸೇರಿದುದು.

ಈ ಕಥೆಯ ತಾತ್ಪರ್ಯ ಇಷ್ಟೆ: ಬೆರ್ತಾಳ ಬಂಡಿ ನೀರನ್ನು ಖರ್ಚು ಮಾಡುತ್ತಿತ್ತು, ತಮ್ಮ ಕಾರು ನೀರನ್ನು ಬರಿದೆ ತಿರುಗಿಸುತ್ತದೆ. ತಿರುಗುವ ನೀರು ಕಡಿಮೆಯಾಗಲಾಗದು. ಹಾಗಿದ್ದೂ ಅದು ಮತ್ತೆ ಮತ್ತೆ ನೀರು ಕೇಳಿದರೆ ಅದು ದಾಹವಲ್ಲ, ದೂರು.

ಈಗ ನಮ್ಮ ಸೀಮೆಗೆ ಬರೋಣ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹಾದು ಸಿಕಂದರಾಬಾದಿಗೆ ಹೋಗುವ ರೈಲುದಾರಿ ತೆರೆದುದು 1874ರಲ್ಲಿ. ನೀರನ್ನು ಕುದಿಸಿ ಓಡುವ ಯಂತ್ರಗಳು ಅಂದಿನಿಂದ ಇಲ್ಲಿ ಓಡಾಡಿದವು. 1932ರಲ್ಲಿ ನಿಜಾಮ್ ಸಂಸ್ಥಾನದ ರೈಲ್ವೆ ತನ್ನ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸು, 166 ನೌಕರರೊಡನೆ ಆರಂಭಿಸಿತು. ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳು ಸಂಸ್ಥಾನದ ರಸ್ತೆಗಳಿಗೆ ಇಳಿದವು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಬದಲಾಯಿತು, ಗಾಡಿಗಳು ಬದಲಾದವು; ನೀರು ಮಾತ್ರ ಬದಲಾಗಲಿಲ್ಲ.

ಆ ನೀರಿನ ಗುಣ ಎಂಥದು? ಶಹಾಬಾದಿನ ಫರಸಿಯನ್ನು ಅರಿಯದವರಾರು? ಮನೆಗೆ ಹಾಸುವ ಆ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದನ್ನು ನೆಚ್ಚಿಯೇ. ಮಳೆಯ ನೀರು ನೆಲಕ್ಕಿಳಿಯುವಾಗ ಮಣ್ಣಿನಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ಈ ಕಲ್ಲನ್ನು ಕಣಕಣವಾಗಿ ಕರಗಿಸಿಕೊಳ್ಳುತ್ತದೆ. ಬಾವಿಯಲ್ಲಿ ತಿಳಿಯಾಗಿ ಕಾಣುವ ಆ ನೀರನ್ನು ಕಾಯಿಸಿದೊಡನೆ ಆಮ್ಲ ಹಾರಿಹೋಗಿ ಸುಣ್ಣ ತಳಕ್ಕೆ ಹತ್ತುತ್ತದೆ. ಸ್ನಾನದ ಹಂಡೆಯ ಒಳಗೆ ಕಟ್ಟಿರುವ ಬಿಳಿಯ ಪೊರೆಯನ್ನು ತಾವು ನೋಡಿದ್ದೀರಲ್ಲವೆ? ಅದೇ ಪೊರೆ ಎಂಜಿನ್ನಿನ ಗೋಡೆಗೂ ರೇಡಿಯೇಟರಿನ ನಳಿಗೆಗೂ ಹತ್ತುತ್ತದೆ. ಅದು ಕಾವನ್ನು ಸಾಗಿಸುವುದು ಕಬ್ಬಿಣಕ್ಕಿಂತ ಹತ್ತಾರು ಪಾಲು ಕಡಿಮೆ. ರೈಲಿನ ಉಗಿಯಂತ್ರಗಳ ಬಾಯ್ಲರುಗಳನ್ನು ಕಾಲಕಾಲಕ್ಕೆ ತೊಳೆಯುತ್ತಿದ್ದುದು ಇದೇ ಕಾರಣದಿಂದ.

ಒಂದು ಸಾರಿ ತುಂಬಿದ ನೀರಿನಲ್ಲಿ ಸುಣ್ಣ ಅಲ್ಪವೇ. ಆದರೆ ಸೋರುವ ಗಾಡಿಗೆ ದಿನವೂ ಹೊಸ ನೀರು. ಹೊಸ ನೀರಿನೊಡನೆ ಹೊಸ ಸುಣ್ಣ. ಸುಣ್ಣದಿಂದ ಕಾವು, ಕಾವಿನಿಂದ ಹಬೆ, ಹಬೆ ಹೋದುದರಿಂದ ಮತ್ತೆ ನೀರು! ಮದ್ದೆಂದು ಕೊಟ್ಟುದೇ ಹೀಗೆ ಮೆಲ್ಲಗೆ ರೋಗವಾಗುತ್ತದೆ.

ಆದುದರಿಂದ ವೈದ್ಯನು ಜ್ವರವನ್ನು ವಿಚಾರಿಸುವಂತೆ ಕ್ರಮವಾಗಿ ವಿಚಾರಿಸಬೇಕು. ಮೊದಲ ಮಾತು: ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬೇಡಿ. ಒತ್ತಡದಲ್ಲಿರುವ ನೀರು ಚಿಮ್ಮಿ ಮುಖ, ಕೈ ಸುಟ್ಟೀತು. ಎಂಜಿನ್ ನಿಲ್ಲಿಸಿ, ಮುಟ್ಟಿದರೆ ಕೈ ಸುಡದಷ್ಟು ಆರುವ ತನಕ ನೆರಳಿನಲ್ಲಿ ಕುಳಿತುಕೊಳ್ಳಿ. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಎರಕದ ಕಬ್ಬಿಣ ಸೀಳಬಹುದು.

ಬಳಿಕ ಕೇಳಿ, ಗಾಡಿ ಯಾವಾಗ ಕಾಯುತ್ತದೆ? ಸಂತೆಯ ಬೀದಿಯಲ್ಲಿ ನಿಂತಾಗ ಕಾದು, ಬಯಲಲ್ಲಿ ಓಡುವಾಗ ತಣಿದರೆ ಕೊರತೆ ಗಾಳಿಯದು. ಫ್ಯಾನು ಬೆಲ್ಟು ಸಡಿಲವಾಗಿದೆಯೇ ನೋಡಿ. ಏರಿನಲ್ಲಿ, ವೇಗದಲ್ಲಿ ಮಾತ್ರ ಕಾದರೆ ನೀರಿನ ಹರಿವು ಸಾಲದು; ರೇಡಿಯೇಟರಿನಲ್ಲಿ ಸುಣ್ಣ ಕಟ್ಟಿರಬಹುದು, ಕೆಳಗಿನ ಹೋಸ್ ಪೈಪು ಮೆತ್ತಗಾಗಿ ಒಳಕ್ಕೆ ಸೆಳೆದುಕೊಂಡಿರಬಹುದು. ಎಂಜಿನ್ ನಿಲ್ಲಿಸಿ ರೇಡಿಯೇಟರಿನ ಮೈಯನ್ನು ಎಚ್ಚರದಿಂದ ಮುಟ್ಟಿನೋಡಿದರೆ, ಸುತ್ತ ಬಿಸಿಯಿದ್ದು ನಡುವೆ ತಣ್ಣಗಿರುವ ಜಾಗವೇ ಕಟ್ಟಿಕೊಂಡ ಜಾಗ. ಎಂಜಿನ್ ಕಾದಿದ್ದರೂ ಮೇಲಿನ ಪೈಪು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲವೆಂದು ಶಂಕಿಸಿ. ಅದನ್ನು ಬಿಚ್ಚಿ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿದರೆ ಸುಮಾರು 80 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬಾಯಿ ಬಿಡಬೇಕು. ನೀರು ಹೊರಗೆ ಸೋರದೆಯೂ ಕಡಿಮೆಯಾಗುತ್ತಿದ್ದು, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವೇ ಹೆಚ್ಚು. ಕಿಡಿಯ ಟೈಮಿಂಗ್ ತಡವಾಗಿದ್ದರೂ, ಬ್ರೇಕು ಹಿಡಿದುಕೊಂಡಿದ್ದರೂ ಕಾವು ಏರುತ್ತದೆ.

ಮುಳ್ಳನ್ನು ಕುರುಡಾಗಿ ನಂಬಬೇಡಿ. ಅದರ ತುದಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸತ್ಯ ಹೇಳುತ್ತದೆ. ನೀರೆಲ್ಲ ಹೋದ ಎಂಜಿನ್ನಿನಲ್ಲಿ ಅದು ತಣ್ಣಗಿರುವಂತೆ ತೋರಿಸಿ ಮೋಸ ಮಾಡೀತು.

ಸೋರುವುದನ್ನು ಮುಚ್ಚಿಸಿ, ಸುಣ್ಣವನ್ನು ತೊಳೆಸಿ, ಭಟ್ಟಿ ಇಳಿಸಿದ ನೀರಿಗೆ ತಕ್ಕ ಕೂಲಂಟ್ ಬೆರೆಸಿ ತುಂಬಿಸಿದರೆ ಹಳೆಯ ಗಾಡಿಯೂ ಈ ಬಿಸಿಲನ್ನು ತಾಳುತ್ತದೆ. ಮುಂದಿನ ಸಾರಿ ಕುಂಚಾವರಂ ಏರನ್ನು ಹತ್ತುವಾಗ ಆ ತಾಂಡೆಯ ಮುಂದೆ ತಾವು ನಿಂತರೂ ನಿಲ್ಲಬಹುದು. ಆಗ ನೀರು ಕೇಳುವುದಕ್ಕಲ್ಲ. ಅಂದು ನೀರು ಕೊಟ್ಟ ತಾಯಿಗೆ ಶರಣು ಹೇಳಿ ಮುಂದೆ ಹೋಗುವುದಕ್ಕೆ.