ಹಲಗಲಿಯ ಬಂದೂಕು, ನಮ್ಮ ಶಾಖೆಯ ಬಂದೂಕು

ಚುನಾವಣೆ ಬಂತೆಂದರೆ ಪುಣೆಯ ನಮ್ಮ ಶಾಖೆಯಲ್ಲಿ ಒಂದು ಕೆಲಸ ಹೆಚ್ಚು. ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ಎಂದು ಸೂಚನೆ ಬರುತ್ತದೆ. ಬ್ಯಾಂಕಿನ ಗಾರ್ಡಿಗೆ ವಿನಾಯಿತಿ ಕೇಳಬಹುದು, ಆದರೆ ಪತ್ರ ಬರೀಬೇಕು, ಝೆರಾಕ್ಸ್ ಹಚ್ಚಬೇಕು, ಸಹಿ, ಶಿಕ್ಕಾ... ಗೊತ್ತಲ್ಲ! ಕಳೆದ ಸಲ ಉತ್ತರ ಬರುವುದು ತಡವಾಯಿತು. ನಮ್ಮ ಗಾರ್ಡ್ ಸಾತಾರಾ ಕಡೆಯವರು, ಮಿಲಿಟರಿಯಲ್ಲಿದ್ದು ಬಂದವರು. "ಸಾಹೇಬ, ಬಂದೂಕು ಹೋದರೆ ನಾನು ಬರೀ ಬಾಗಿಲು ತೆಗೆಯುವವನು" ಅಂದರು. ನಕ್ಕುಬಿಟ್ಟೆ. ಮನೆಗೆ ಬರುವಾಗ ಬಸ್ಸಿನಲ್ಲಿ ಹಲಗಲಿ ನೆನಪಾಯಿತು.

ನಾನು ಬಾಗಲಕೋಟೆ ಕಡೆಯವನು. ಹಲಗಲಿ ಬೇಡರ ಲಾವಣಿ ಕೇಳಿಕೊಂಡೇ ಬೆಳೆದವನು. ಊರು ಮುಧೋಳದ ಹತ್ತಿರ. ಆಗ ಘೋರ್ಪಡೆಯವರ ಸಂಸ್ಥಾನಕ್ಕೆ ಸೇರಿತ್ತು. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ಎದ್ದರು. ಹೆದರಿದ ಕಂಪನಿ ಸರಕಾರ ಅದೇ ವರ್ಷ ಹತಾರಗಳ ಕಾಯ್ದೆ ತಂದಿತು. ಲೈಸೆನ್ಸ್ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು. ಶಾಂತಿ ಕಾಯಲು ಎಂಬುದು ಅವರ ಲೆಕ್ಕ.

ಬೇಡರ ಲೆಕ್ಕ ಬೇರೆ. ಬೇಟೆ, ಕಾವಲು, ಚಾಕರಿ, ಎಲ್ಲಕ್ಕೂ ಹತಾರ ಬೇಕು. ಅದನ್ನು ಕೊಟ್ಟರೆ ಹೊಟ್ಟೆಗೂ ಇಲ್ಲ, ಮಾನವೂ ಇಲ್ಲ. ಸಂಸ್ಥಾನದವರು ಮೊದಲು ಮಾತಿನಲ್ಲಿ ಒಲಿಸಲು ನೋಡಿದರು. ಆಗಲಿಲ್ಲ. ನವೆಂಬರ್ ಕೊನೆಗೆ ಇಂಗ್ಲಿಷರ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ಗಲ್ಲಿಗೆ ಹಾಕಿದರು. ಜಡಗ, ಬಾಲ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದವು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಯಾರು ಅಂತೀರಿ? ಇಂಗ್ಲಿಷ್ ಅಧಿಕಾರಿ ಜೆ. ಎಫ್. ಫ್ಲೀಟ್, ಶಾಸನಗಳ ಫ್ಲೀಟ್ ಸಾಹೇಬರೇ!

ಇನ್ನು ಕೊಡಗಿನ ಕಥೆ ನೋಡಿ. ಅದೇ ಕಾಯ್ದೆ, ಆದರೆ 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು. ಗಲಾಟೆಯ ಕಾಲದಲ್ಲಿ ನಿಷ್ಠರಾಗಿದ್ದರು ಎಂಬುದೇ ಕಾರಣ. ಅಂದರೆ ಬಂದೂಕು ಅಪಾಯವೋ ಅಲ್ಲವೋ ಎಂಬುದು ಬಂದೂಕಿನ ಮೇಲಿರಲಿಲ್ಲ, ಹಿಡಿದವನ ಮೇಲಿತ್ತು. ಆ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಮಾಡುವ ಜನ ಅವರು, ನನಗೇನೂ ಹೊಟ್ಟೆಕಿಚ್ಚಿಲ್ಲ. ಹಲಗಲಿಯವರಿಗೂ ಹಾಗೇ ಒಂದು ಕಾಗದ ಸಿಕ್ಕಿದ್ದರೆ ಅನಿಸುತ್ತದೆ, ಅಷ್ಟೆ.

1878ರಲ್ಲಿ ಲಿಟ್ಟನ್ ಕಾಲದ ಕಾಯ್ದೆ ಇನ್ನೂ ಬಿಗಿಯಾಯಿತು: ಭಾರತೀಯನಿಗೆ ಲೈಸೆನ್ಸ್ ಬೇಕು, ಯುರೋಪಿನವನಿಗೆ ಬೇಡ. ಈ ಅವಮಾನ ನಮ್ಮ ನಾಯಕರಿಗೆ ಎಷ್ಟು ಚುಚ್ಚಿತ್ತೆಂದರೆ 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತು. ಅಹಿಂಸೆಯ ಪಕ್ಷದ ನಿರ್ಣಯ ಸ್ವಾಮಿ ಇದು! ಆದರೆ ದೇಶ ವಿಭಜನೆಯ ರಕ್ತಪಾತ ಕಂಡ ಮೇಲೆ ಬಂದ 1950ರ ಸಂವಿಧಾನದಲ್ಲಿ ಆ ಹಕ್ಕು ಇಲ್ಲ. 1959ರ ಆರ್ಮ್ಸ್ ಆಕ್ಟ್ ಬಣ್ಣದ ಭೇದ ತೆಗೆಯಿತು, ಲೈಸೆನ್ಸ್ ಉಳಿಯಿತು.

ನನಗೆ ಇಬ್ಬಂದಿ ಇರುವುದು ಇಲ್ಲೇ. ಹಲಗಲಿ ಕಥೆ ಹೇಳುವಾಗ ಇಂದಿಗೂ ಮೈ ಜುಮ್ ಅನ್ನುತ್ತದೆ. ಆದರೆ ನಮ್ಮ ಸೊಸೈಟಿಯಲ್ಲಿ ಪಾರ್ಕಿಂಗ್ ಜಗಳವಾದಾಗ, ಸದ್ಯ ಯಾರ ಮನೆಯಲ್ಲೂ ಬಂದೂಕಿಲ್ಲವಲ್ಲ ಅಂದುಕೊಂಡವನೂ ನಾನೇ. ಮಗಳು ಕೇಳಿದಳು, "ಅಪ್ಪಾ, ಹಂಗಾದ್ರ ನೀವು ಯಾರ ಕಡೆ?" ಉತ್ತರ ಹೊಳೀಲಿಲ್ಲ. ಆಗ ಕೇಳಿದ ಸರಕಾರ ಹಲಗಲಿಯವರದಾಗಿರಲಿಲ್ಲ, ಈಗ ಕೇಳುವುದು ನಾವೇ ಆರಿಸಿದ್ದು ಅಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ, ನನಗೂ ಪೂರ್ತಿ ಅಲ್ಲ.

ನಾಲ್ಕನೇ ದಿನ ವಿನಾಯಿತಿ ಪತ್ರ ಬಂತು. ಗಾರ್ಡ್ ಠಾಣೆಗೆ ಹೋಗಿ, ರಸೀದಿ ತೋರಿಸಿ, ಒಪ್ಪಿಸಿದ್ದ ಬಂದೂಕು ತಂದರು. ಕ್ಯಾಶ್ ಕೌಂಟರಿನ ಪಕ್ಕ ಕುಳಿತು ಹಳೇ ಬಟ್ಟೆಯಿಂದ ಒರೆಸುತ್ತ ಇದ್ದರು, ಊಟದ ಹೊತ್ತು ಮೀರಿದರೂ ಏಳಲಿಲ್ಲ.