ಗಡ್ಡೆಯ ಕಾಲುವೆ ಮುಚ್ಚಲು ಹೊರಟವರು

ದೇಹದಿಂದ ಹೊರತೆಗೆದು, ದ್ರವ ಹಾಯಿಸಿ ಜೀವ ಹಿಡಿದಿಟ್ಟ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್ ಬೆಳೆದು ನಿಂತುಬಿಟ್ಟಿತು. ಅದೇ ಗಡ್ಡೆ ಜೀವಂತ ಇಲಿಯೊಳಗೆ ಸೇರಿದಾಗ ಎಗ್ಗಿಲ್ಲದೆ ಬೆಳೆಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಇದನ್ನು ಕಂಡ ಶಸ್ತ್ರವೈದ್ಯ ಜೂಡಾ ಫೋಕ್ಮನ್, 1971ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ತಮ್ಮ ವಾದ ಮಂಡಿಸಿದರು: ಗಡ್ಡೆ ಹೊಸ ರಕ್ತನಾಳಗಳನ್ನು ತನ್ನತ್ತ ಕರೆಸಿಕೊಳ್ಳುತ್ತದೆ, ಆ ಕರೆಯನ್ನು ತಡೆದರೆ ಅದು ಬೆಳೆಯದು. ಗಡ್ಡೆಯ ಸುತ್ತಲಿನ ನಾಳಗಳು ಬರೀ ಉರಿಯೂತದ ಗುರುತು ಎಂದು ನಂಬಿದ್ದವರು ಬಹಳ ಕಾಲ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಳ ತಡೆದು ಗಡ್ಡೆ ನಿಲ್ಲಿಸುವ ಪ್ರಯತ್ನದ ಕಥೆಯನ್ನು ಇಂದು ಉಬ್ಬಿ ಒಡೆದ ಗುಳ್ಳೆಯಂತೆ ಹೇಳುವ ರೂಢಿಯಿದೆ. ನನ್ನ ಪ್ರಕಾರ ಫೋಕ್ಮನ್ ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ. ಗಡ್ಡೆಗೆ ಒಂದೇ ಕಾಲುವೆ, ಒಂದೇ ತೂಬು ಎಂಬ ಚಿತ್ರ ತಪ್ಪಾಗಿತ್ತು.

ಆ ಚಿತ್ರಕ್ಕೆ ಬಲ ಬಂದದ್ದು ದೇಹದ್ದೇ ಪ್ರೋಟೀನ್ ತುಣುಕುಗಳಿಂದ. ಮೂಲ ಗಡ್ಡೆಯನ್ನು ತೆಗೆದೊಡನೆ ದೂರದ ಸಣ್ಣ ಗಡ್ಡೆಗಳು ಬೆಳೆಯುವುದೇಕೆ? ಮೂಲ ಗಡ್ಡೆಯೇ ಯಾವುದೋ ತಡೆ ಸ್ರವಿಸುತ್ತಿರಬೇಕೆಂದು ಫೋಕ್ಮನ್ ಬಳಗದ ಮೈಕೆಲ್ ಓ'ರೈಲಿ ಇಲಿಗಳ ಮೂತ್ರವನ್ನು ಸೋಸಿದರು (ವಿಜ್ಞಾನದಲ್ಲಿ ಇಂಥ ಕೆಲಸಕ್ಕೆ ಬಿರುದು ಸಿಗುವುದು ಅಪರೂಪ). 1994ರಲ್ಲಿ ಆಂಜಿಯೋಸ್ಟಾಟಿನ್, 1997ರಲ್ಲಿ ಕೊಲಾಜನ್ನಿನ ತುಣುಕಾದ ಎಂಡೋಸ್ಟಾಟಿನ್ ವರದಿಯಾದವು. ಈ ತಡೆಗಳಿಂದ ಇಲಿಗಳ ಗಡ್ಡೆಗಳು ಕರಗಿದವು. 1998ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಸುದ್ದಿ ಬಂದದ್ದೇ ತಡ, ಈ ಔಷಧ ತಯಾರಿಸುತ್ತಿದ್ದ ಎಂಟ್ರೆಮೆಡ್ ಕಂಪನಿಯ ಷೇರು ಒಂದೇ ದಿನದಲ್ಲಿ 12 ಡಾಲರಿನಿಂದ 50 ದಾಟಿತು. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಆ ಪವಾಡ ಕಾಣಲಿಲ್ಲ. ಮುಂದೆ ಐದೇ ಅಮೈನೋ ಆಮ್ಲಗಳ ಉಂಗುರದಂಥ ಪೆಪ್ಟೈಡ್ ಸಿಲೆಂಜಿಟೈಡ್ ಕೂಡ ಮಿದುಳಿನ ಕ್ಯಾನ್ಸರಿನಲ್ಲಿ ಸೋತಿತು: ಕೊಟ್ಟವರಲ್ಲೂ ಕೊಡದವರಲ್ಲೂ ಬದುಕುಳಿದ ಮಧ್ಯಕ ಅವಧಿ 26.3 ತಿಂಗಳೇ.

ಹಾಗಾದರೆ ಇಲಿ ನಮ್ಮನ್ನು ಮೋಸಗೊಳಿಸಿತೇ? ಪೂರ್ತಿ ಹಾಗನ್ನಲಾಗದು. ನಾಳ ಬೆಳೆಸುವ ಸಂಕೇತವನ್ನೇ ಹಿಡಿದಿಡುವ ಪ್ರತಿಕಾಯ ಬೆವಾಸಿಜುಮ್ಯಾಬ್, ಕೀಮೋಥೆರಪಿಯ ಜೊತೆ ಸೇರಿ ಕರುಳಿನ ಕ್ಯಾನ್ಸರಿನಲ್ಲಿ ಬದುಕುಳಿಯುವ ಮಧ್ಯಕ ಅವಧಿಯನ್ನು 15.6ರಿಂದ 20.3 ತಿಂಗಳಿಗೆ ಏರಿಸಿತು. 2004ರಲ್ಲಿ ಅಮೆರಿಕದ ಅನುಮತಿಯೂ ಸಿಕ್ಕಿತು. ಐದು ತಿಂಗಳೂ ಇಲ್ಲವಲ್ಲ ಎಂದು ಮೂಗು ಮುರಿಯುವವರಿಗೆ 2011ರಲ್ಲಿ ಸ್ತನ ಕ್ಯಾನ್ಸರಿಗೆ ಅದರ ಅನುಮತಿ ರದ್ದಾದದ್ದೂ ಆಧಾರ. ಆದರೆ ಈ ಮಿತಿಯೇ ಪಾಠ ಕಲಿಸಿತು: ಒಂದು ಸಂಕೇತ ತಡೆದರೆ ಗಡ್ಡೆ ಇನ್ನೊಂದನ್ನು ಕಳಿಸುತ್ತದೆ, ಕೆಲವೊಮ್ಮೆ ಹಳೆಯ ನಾಳಗಳ ಪಕ್ಕದಲ್ಲೇ ಹಬ್ಬುತ್ತದೆ. ಸೋರುವ ಅಡ್ಡಾದಿಡ್ಡಿ ನಾಳಗಳು ಈ ಔಷಧಗಳಿಂದ ಕೊಂಚ ಕಾಲ ಸರಿಹೋಗಿ, ಕೀಮೋ ಔಷಧ ಒಳಹೋಗಲು ದಾರಿಯಾಗುತ್ತದೆಂದು ಸಂಶೋಧಕ ರಾಕೇಶ್ ಜೈನ್ 2001ರಲ್ಲೇ ವಾದಿಸಿದ್ದರು. ಕಾಲುವೆ ಮುಚ್ಚಲು ಹೊರಟವರು ಕಾಲುವೆ ರಿಪೇರಿಯನ್ನೂ ಮಾಡುತ್ತಿದ್ದರು ಎಂದಾಯಿತು. ಅಮೆರಿಕದಲ್ಲಿ ಮೂಲೆ ಸೇರಿದ ಎಂಡೋಸ್ಟಾಟಿನ್‌ಗೆ ಚೀನಾ 2005ರಲ್ಲಿ, ಸ್ವಲ್ಪ ಮಾರ್ಪಡಿಸಿದ ರೂಪದಲ್ಲಿ, ಶ್ವಾಸಕೋಶದ ಕ್ಯಾನ್ಸರಿಗೆಂದು ಅನುಮತಿ ಕೊಟ್ಟಿತು. ಅದೂ ಕೀಮೋಥೆರಪಿಯ ಜೊತೆಗೆ.